ಬ್ರಾಸ್ ಕ್ವಿಂಟೆಟ್ ಪ್ರವಾಸ: ಟ್ಯೂಬಾ ಸಾಗಿಸುವುದು, ಚಳಿಯಲ್ಲಿ ಶ್ರುತಿ, ಟ್ರಂಪೆಟ್‌ನವರ ತುಟಿ – ಸಲಹೆ ಬೇಕು

ಐದುಕುರ್ಚಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ಟ್ರಂಪೆಟ್, ಹಾರ್ನ್, ಟ್ರಾಂಬೋನ್, ಟ್ಯೂಬಾ ಇರುವ ತಂಡ. ಎರಡು ವಾರದ ಪ್ರವಾಸ, ಹೆಚ್ಚುಕಡಿಮೆ ದಿನ ಬಿಟ್ಟು ದಿನ ಸಂಗೀತ ಕಚೇರಿ. ಎರಡು ಕಡೆಗೆ ವಿಮಾನ, ಉಳಿದದ್ದು ವ್ಯಾನ್. ಸಭಾಂಗಣ ಒಂದೊಂದೂ ಒಂದೊಂದು ಥರ: ಪರದೆ ತುಂಬಿದ ನಾಟಕದ ವೇದಿಕೆ ಇದೆ, ಸರಿಯಾಗಿ ಬೆಚ್ಚಗಾಗದ ಕಲ್ಲಿನ ಚರ್ಚ್ ಇದೆ, ಅಲ್ಲಿ ಆರ್ಗನ್ ಜೊತೆ ಎರಡು ಕೃತಿಗಳೂ ಇವೆ.

ತಲೆಬಿಸಿ ಇರುವುದು ನಾಲ್ಕು ವಿಷಯಕ್ಕೆ. ಟ್ಯೂಬಾವನ್ನು ವಿಮಾನದಲ್ಲಿ ಹೇಗೆ ಒಯ್ಯುವುದು? ಚಳಿಯಲ್ಲಿ ಶ್ರುತಿ ಎಷ್ಟು ಇಳಿಯುತ್ತದೆ, ಆರ್ಗನ್ ಜೊತೆ ಹೇಗೆ ಹೊಂದಿಸುವುದು? ಜೊತೆಗಿಟ್ಟುಕೊಳ್ಳಬೇಕಾದ ರಿಪೇರಿ ಸಾಮಾನು ಏನೇನು? ಕೊನೆಯದು ಕಾರ್ಯಕ್ರಮದ ಕ್ರಮ. ಈಗಿನ ಪಟ್ಟಿ ಹೀಗಿದೆ: ಪಿಕಲೋ ಟ್ರಂಪೆಟ್ (ಎತ್ತರದ ಸ್ವರಗಳ ಪುಟ್ಟ ಟ್ರಂಪೆಟ್) ಇರುವ ಬರೋಕ್ ರೂಪಾಂತರದಿಂದ ಶುರು, ಆಮೇಲೆ ವೆನಿಸ್ ಶೈಲಿಯ ಒಂದು ಹಳೆಯ ಕೃತಿ, ರಷ್ಯಾದ ಸಂಯೋಜಕ ಎವಾಲ್ಡ್ ಅವರ ಕ್ವಿಂಟೆಟ್, ತಕ್ಷಣ ಇಂಗ್ಲೆಂಡಿನ ಸಂಯೋಜಕ ಮಾಲ್ಕಂ ಅರ್ನಾಲ್ಡ್ ಅವರ ಕ್ವಿಂಟೆಟ್, ವಿರಾಮ, ಹಗುರ ಹಾಡುಗಳು, ಮುಗಿಸಲು ಮತ್ತೆ ಪಿಕಲೋ. ಟ್ರಂಪೆಟ್‌ನವರಿಬ್ಬರೂ ಇದಕ್ಕೆ ತಲೆ ಅಲ್ಲಾಡಿಸುತ್ತಿದ್ದಾರೆ.

---

ಮಂದ್ರಸ್ಥಾಯಿ:

ಟ್ಯೂಬಾದ ಲೆಕ್ಕ ಮೊದಲು ಮುಗಿಸೋಣ, ಟಿಕೆಟ್ ಕಾಯ್ದಿರಿಸುವ ಮುಂಚೆ ತೀರ್ಮಾನ ಆಗಬೇಕಾದದ್ದು ಅದೊಂದೇ.

ಹೆಚ್ಚಿನ ವಿಮಾನ ಸಂಸ್ಥೆಗಳಲ್ಲಿ ಚೆಕ್-ಇನ್ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂ.ಮೀ. ಮೀರಬಾರದು, ತೂಕ 23 ಕಿಲೋ. ಹೆಚ್ಚುವರಿ ಶುಲ್ಕ ಕೊಟ್ಟರೂ ಒಂದು ನಗಕ್ಕೆ 32 ಕಿಲೋ ಸಾಮಾನ್ಯವಾಗಿ ಕೊನೆಯ ಮಿತಿ. ಸಿ ಟ್ಯೂಬಾ ಒಂದೇ 9-10 ಕಿಲೋ ತೂಗುತ್ತದೆ. ಗಟ್ಟಿ ಪೆಟ್ಟಿಗೆ ಸೇರಿದರೆ 23ರ ಹತ್ತಿರ ಬಂದೇ ಬರುತ್ತದೆ, ಚಕ್ರವಿರುವ ಭಾರಿ ಫ್ಲೈಟ್ ಕೇಸ್ ಆದರೆ ದಾಟಿಬಿಡುತ್ತದೆ. ಅಳತೆಯಲ್ಲಂತೂ 158 ಎಲ್ಲಿಯ ಮಾತು! ಹಾಗಾಗಿ ಸಂಸ್ಥೆಗೆ ಮೊದಲೇ ಬರೆದು, ಪೆಟ್ಟಿಗೆಯ ಮೂರೂ ಅಳತೆ ಮತ್ತು ತೂಕ ಕೊಟ್ಟು, ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಂಡು ಅದರ ಮುದ್ರಿತ ಪ್ರತಿ ಕೈಯಲ್ಲಿಟ್ಟುಕೊಳ್ಳಿ. ಫೋನಿನಲ್ಲಿ ಕೊಟ್ಟ ಭರವಸೆ ಕೌಂಟರಿನಲ್ಲಿ ನಡೆಯುವುದಿಲ್ಲ. ಸಣ್ಣ ವಿಮಾನವಾದರೆ ಸಾಮಾನಿನ ಬಾಗಿಲಿನ ಅಳತೆಯನ್ನೂ ಕೇಳಿ. ಪೆಟ್ಟಿಗೆ ಆ ಬಾಗಿಲಲ್ಲಿ ಹಿಡಿಸದಿದ್ದರೆ ಯಾವ ಒಪ್ಪಿಗೆಯೂ ಉಪಯೋಗಕ್ಕಿಲ್ಲ.

ಟ್ಯೂಬಾ ಹಾಳಾಗುವುದು ಹೊರಗಿನ ಪೆಟ್ಟಿಗಿಂತ ಹೆಚ್ಚಾಗಿ ಒಳಗಿನ ಅಲುಗಾಟದಿಂದ. ಪೆಟ್ಟಿಗೆ ನೆಲಕ್ಕೆ ಬಿದ್ದಾಗ ವಾದ್ಯದ ಇಡೀ ಭಾರ ಬೆಲ್‌ನ (ವಾದ್ಯದ ಅಗಲ ಬಾಯಿಯ) ಅಂಚಿನ ಮೇಲೆ ಬಂದರೆ ಅಂಚು ಮಡಚಿಕೊಳ್ಳುತ್ತದೆ, ಬೆಲ್‌ನ ಕುತ್ತಿಗೆ ಸುಕ್ಕುಗಟ್ಟುತ್ತದೆ. ಆದ್ದರಿಂದ ಬೆಲ್‌ನ ಅಂಚು ಪೆಟ್ಟಿಗೆಯ ಗೋಡೆಗೆ ತಾಗಲೇಬಾರದು. ಬೆಲ್‌ನ ಕುತ್ತಿಗೆಗೂ ಕೆಳಗಿನ ದೊಡ್ಡ ಬಾಗಿಗೂ ದಪ್ಪ ಫೋಮ್ ಕೊಟ್ಟು ಭಾರ ಅಲ್ಲಿ ಕೂರುವಂತೆ ಮಾಡಿ. ವಾಲ್ವ್‌ಗಳ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಭಾಗಗಳ) ಸುತ್ತ ಜಾಗ ಖಾಲಿ ಇದ್ದರೆ ಟವೆಲ್ ಸುತ್ತಿ ತುಂಬಿ. ಮುಚ್ಚಿ ಅಲುಗಾಡಿಸಿದಾಗ ಏನೂ ಸದ್ದು ಬರಬಾರದು. ಬೆಲ್‌ನೊಳಗೆ ಬಟ್ಟೆ ತುಂಬಬಹುದು, ಮ್ಯೂಟ್ (ನಾದ ತಗ್ಗಿಸಲು ಬೆಲ್‌ಗೆ ಹಾಕುವ ಬಿರಡೆ), ಶೂ, ಲೋಹದ ಯಾವುದನ್ನೂ ಬೇಡ. ಮೌತ್‌ಪೀಸ್ (ತುಟಿ ಇಟ್ಟು ಊದುವ ಭಾಗ) ಕೈಚೀಲಕ್ಕೆ. ಭದ್ರತೆಯವರು ತೆರೆದು ನೋಡುವುದು ಖಚಿತ ಎಂದೇ ತಿಳಿಯಿರಿ. ಮುಚ್ಚಳದ ಒಳಗಡೆ “ಹೀಗೆ ಮರಳಿ ಇಡಿ” ಎಂದು ಒಂದು ಫೋಟೋ ಅಂಟಿಸಿದರೆ ಅರ್ಧ ಅಪಾಯ ಕಡಿಮೆ.

ಎರಡನೆಯ ದಾರಿ, ಹೋದಲ್ಲೇ ಟ್ಯೂಬಾ ಎರವಲು ಪಡೆಯುವುದು. ಎಷ್ಟೋ ತಂಡಗಳು ಇದನ್ನೇ ಮಾಡುತ್ತವೆ. ಕೇಳಬೇಕಾದ್ದು ನಾಲ್ಕು: ಯಾವ ಸ್ವರದ ಟ್ಯೂಬಾ (ಸಿ, ಬಿ ಫ್ಲ್ಯಾಟ್, ಎಫ್, ಇ ಫ್ಲ್ಯಾಟ್), ಪಿಸ್ಟನ್ನೋ ರೋಟರಿಯೋ, ವಾಲ್ವ್ ಎಷ್ಟು, ಮೌತ್‌ಪೀಸ್ ಕೂರುವ ಬಾಯಿ ಅಮೆರಿಕನ್ ಅಳತೆಯದೋ ಯುರೋಪಿಯನ್ ಅಳತೆಯದೋ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಯುರೋಪಿಯನ್ ಬಾಯಿಗೆ ಅಮೆರಿಕನ್ ಮೌತ್‌ಪೀಸ್ ಹಾಕಿದರೆ ಅದು ಮಿತಿಮೀರಿ ಒಳಗೆ ಹೋಗುತ್ತದೆ, ಸ್ವರಗಳ ನಡುವಿನ ಅಂತರಗಳೇ ಕೆಡುತ್ತವೆ. ಸಿ ಟ್ಯೂಬಾದವರಿಗೆ ಬಿ ಫ್ಲ್ಯಾಟ್ ಟ್ಯೂಬಾ ಕೊಟ್ಟರೆ ಬೆರಳೆಲ್ಲ ಬದಲಾಗುತ್ತದೆ, ಕಚೇರಿಯ ದಿನ ಅದು ಆಗದ ಕೆಲಸ.

---

ಸ್ಲೈಡ್‌ಗೆಳೆಯ:

ಟ್ಯೂಬಾ ಬಿಟ್ಟು ಬಾಸ್ ಟ್ರಾಂಬೋನ್ ಒಯ್ಯುವುದನ್ನೂ ಯೋಚಿಸಿ. 1960ರಲ್ಲಿ ಶುರುವಾದ ಅಮೆರಿಕನ್ ಬ್ರಾಸ್ ಕ್ವಿಂಟೆಟ್ ತಳದ ಭಾಗಕ್ಕೆ ಬಾಸ್ ಟ್ರಾಂಬೋನ್ ಅನ್ನೇ ಬಳಸುತ್ತ ಬಂದಿದೆ. ನಾದ ತೆಳ್ಳಗೆ, ಸ್ಪಷ್ಟ. ಹಳೆಯ ವೆನಿಸ್ ಸಂಗೀತಕ್ಕಂತೂ ಹೇಳಿ ಮಾಡಿಸಿದ್ದು.

ಟ್ರಾಂಬೋನ್ ವಿಷಯಕ್ಕೆ ಬಂದರೆ, ವಾದ್ಯದಲ್ಲಿ ಅತಿ ನಾಜೂಕು ಸ್ಲೈಡ್, ಅಂದರೆ ಎಳೆದು ತಳ್ಳುವ ಕೊಳವೆ. ಒಳ ಕೊಳವೆಗೂ ಹೊರ ಕೊಳವೆಗೂ ನಡುವೆ ಮಿಲಿಮೀಟರಿನ ಅಲ್ಪ ಭಾಗದಷ್ಟೇ ಜಾಗ. ಕಣ್ಣಿಗೆ ಕಾಣದ ತಗ್ಗೊಂದು ಬಿದ್ದರೂ ಒಂದು ನಿರ್ದಿಷ್ಟ ಪೊಸಿಷನ್‌ನಲ್ಲಿ (ಸ್ವರಕ್ಕಾಗಿ ಸ್ಲೈಡ್ ನಿಲ್ಲಿಸುವ ಜಾಗದಲ್ಲಿ) ಕೈಗೆ ಉಜ್ಜಿದಂತಾಗುತ್ತದೆ. ಎಲ್ಲ ಪೊಸಿಷನ್‌ನಲ್ಲೂ ಬಿಗಿ ಇದ್ದರೆ ಕೊಳೆ ಅಥವಾ ಎರಡು ಕಾಲುಗಳು ಸಮಾಂತರ ತಪ್ಪಿವೆ; ಒಂದೇ ಜಾಗದಲ್ಲಿ ಬಿಗಿ ಇದ್ದರೆ ತಗ್ಗು. ಮೊದಲನೆಯದಕ್ಕೆ ಒರೆಸಿ ಹೊಸ ಕ್ರೀಮ್ ಹಚ್ಚಿ ನೋಡಬಹುದು, ಎರಡನೆಯದಕ್ಕೆ ರಿಪೇರಿಯವರೇ ಬೇಕು. ನೀವಾಗಿ ತಿದ್ದಲು ಹೋದರೆ ಇದ್ದದ್ದೂ ಹೋಗುತ್ತದೆ.

ಸ್ಲೈಡ್ ಸುಮಾರು 80 ಸೆಂ.ಮೀ. ಉದ್ದ. ಕ್ಯಾಬಿನ್ ಸಾಮಾನಿನ ಮಿತಿ ಹೆಚ್ಚಾಗಿ 55ರ ಆಸುಪಾಸು. ಮೇಲಿನ ಗೂಡಿನಲ್ಲಿ ಉದ್ದಕ್ಕೆ ಹಿಡಿಸುತ್ತದೆ ನಿಜ, ಆದರೆ ಮೊದಲು ಹತ್ತಿದವರಿಗೆ ಮಾತ್ರ. ಬೇಗ ಹತ್ತುವ ಸೌಲಭ್ಯಕ್ಕೆ ಕೊಡುವ ಹಣ ಇಲ್ಲಿ ದಂಡವಲ್ಲ.

---

ಮಂದ್ರಸ್ಥಾಯಿ:

@ಸ್ಲೈಡ್‌ಗೆಳೆಯ ಈ ಪಟ್ಟಿಗೆ ಬಾಸ್ ಟ್ರಾಂಬೋನ್ ಒಪ್ಪುವುದಿಲ್ಲ. ಎವಾಲ್ಡ್ ಬರೆದದ್ದು ಅಗಲ ಕೊಳವೆಯ ವಾದ್ಯಗಳಿಗೆ: ಕಾರ್ನೆಟ್, ಆಲ್ಟೋ ಹಾರ್ನ್, ಟೆನರ್ ಹಾರ್ನ್, ಟ್ಯೂಬಾ. ಅಲ್ಲಿ ತಳ ಮೃದುವಾಗಿ ತುಂಬಿಕೊಳ್ಳಬೇಕು, ಚುರುಕು ಅಂಚಿನ ನಾದ ಬಂದರೆ ಮೇಲಿನ ನಾಲ್ವರು ತೇಲಾಡುತ್ತಾರೆ. ಹಗುರ ಹಾಡುಗಳಲ್ಲಿ ಬಾಸ್ ಗಿಟಾರಿನಂತೆ ನಡೆಯುವ ಭಾಗಗಳೂ ಟ್ಯೂಬಾಕ್ಕೇ ಸಲೀಸು. ಭಾರ ಕಡಿಮೆ ಬೇಕಿದ್ದರೆ ಎಫ್ ಟ್ಯೂಬಾ ಒಯ್ಯಲಿ. ಸಿ ಟ್ಯೂಬಾಕ್ಕಿಂತ ಚಿಕ್ಕದು, ಹಗುರ, ಕ್ವಿಂಟೆಟ್‌ಗೆ ನಾದವೂ ಸಾಕು. ಕೆಳಗಿನ ಸ್ವರಗಳಿಗೆ ಐದು ಅಥವಾ ಆರು ವಾಲ್ವ್ ಇರುವುದೇ ಆಗಬೇಕು.

---

ಎಡಗೈಹಾರ್ನ್:

ಶ್ರುತಿಯ ಲೆಕ್ಕ ಹೇಳುತ್ತೇನೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ಪ್ರತಿ ಡಿಗ್ರಿ ಇಳಿದಂತೆ 0.6 ಮೀಟರ್ ಕಡಿಮೆ. ಶ್ರುತಿಗೆ ತಿರುಗಿಸಿದರೆ ಡಿಗ್ರಿಗೆ ಸುಮಾರು 3 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗವೇ ಒಂದು ಸೆಂಟ್). ಹತ್ತು ಡಿಗ್ರಿಯ ಚರ್ಚ್‌ನಲ್ಲಿ 30 ಸೆಂಟ್, ಅಂದರೆ ಅರ್ಧಸ್ವರದ ಮೂರನೇ ಒಂದು ಭಾಗ. ಇದು ಪೂರ್ತಿ ತಣ್ಣಗಿರುವ ಕೊಳವೆಯ ಲೆಕ್ಕ. ಊದುತ್ತಿದ್ದಂತೆ ಉಸಿರಿನ ಬಿಸಿ ಮೊದಲ ಭಾಗವನ್ನು ಕಾಯಿಸುತ್ತದೆ. ಟ್ರಂಪೆಟ್ ಒಂದೂವರೆ ಮೀಟರ್ ಕೊಳವೆ, ಬೇಗ ಚೇತರಿಸಿಕೊಳ್ಳುತ್ತದೆ. ಸಿ ಟ್ಯೂಬಾ 4.9 ಮೀಟರ್, ಅದರ ಅಗಲವಾದ ತುದಿ ಕೊನೆಯವರೆಗೂ ತಣ್ಣಗೇ ಇರುತ್ತದೆ. ಚಳಿಯಲ್ಲಿ ಐವರೂ ಒಟ್ಟಿಗೆ ಇಳಿದರೆ ತೊಂದರೆ ಇರಲಿಲ್ಲ. ಬೇರೆ ಬೇರೆ ಪ್ರಮಾಣದಲ್ಲಿ ಇಳಿಯುವುದೇ ಗೋಳು.

ಆದ್ದರಿಂದ ಚಳಿಯಲ್ಲಿ ಟ್ರಂಪೆಟ್ ಹೇಳಿದ ಶ್ರುತಿಗೆ ಟ್ಯೂಬಾ ಬರಲಿ ಎಂದು ಹಠ ಹಿಡಿಯಬೇಡಿ. ಟ್ಯೂಬಾದ ಬಿ ಫ್ಲ್ಯಾಟ್ ಕೇಳಿ ಉಳಿದವರು ಕೆಳಗಿಳಿಯಿರಿ. ತಣ್ಣಗಿರುವ ಟ್ಯೂಬಾದಲ್ಲಿ ಸ್ಲೈಡ್ ಪೂರ್ತಿ ಒಳಗೆ ತಳ್ಳಿಯಾದ ಮೇಲೆ ಏರಲು ಜಾಗವೇ ಉಳಿಯುವುದಿಲ್ಲ. 10 ಸೆಂಟ್ ಇಳಿಸಲು ಮುಖ್ಯ ಸ್ಲೈಡನ್ನು ಎಷ್ಟು ಎಳೆಯಬೇಕು ಎಂಬ ಅಂದಾಜು: ಪಿಕಲೋ ಟ್ರಂಪೆಟ್ 2 ಮಿ.ಮೀ., ಬಿ ಫ್ಲ್ಯಾಟ್ ಟ್ರಂಪೆಟ್ 4ರಿಂದ 4.5, ಟ್ರಾಂಬೋನ್ 8, ಎಫ್ ಹಾರ್ನ್ 11, ಸಿ ಟ್ಯೂಬಾ 14. ಟ್ಯೂಬಾದಲ್ಲಿ ಅಷ್ಟು ಎಳೆದರೆ ಮೊದಲ ವಾಲ್ವ್‌ನ ಸ್ಲೈಡ್ ಒಂದೂವರೆ-ಎರಡು ಮಿ.ಮೀ., ಮೂರನೆಯದು ಎರಡೂವರೆ ಮಿ.ಮೀ. ಹೊರಬರಬೇಕು; ಇಲ್ಲದಿದ್ದರೆ ವಾಲ್ವ್ ಒತ್ತದ ಸ್ವರ ಮಾತ್ರ ಸರಿ, ಉಳಿದದ್ದು ಏರಿಯೇ ಇರುತ್ತದೆ.

ನುಡಿಸದ ಮಾತ್ರೆಗಳಲ್ಲಿ ಸದ್ದಿಲ್ಲದೆ ಬೆಚ್ಚಗಿನ ಉಸಿರನ್ನು ವಾದ್ಯದೊಳಗೆ ಬಿಡುತ್ತಿರಿ. ವಾದ್ಯವನ್ನು ವ್ಯಾನ್‌ನಲ್ಲೇ ಬಿಟ್ಟು ಕೊನೆಯ ಗಳಿಗೆಯಲ್ಲಿ ಒಳತರಬೇಡಿ, ಲೋಹ ಕೋಣೆಯ ಉಷ್ಣಾಂಶಕ್ಕೆ ಬರಲು ಹೊತ್ತು ಬೇಕು.

ಆರ್ಗನ್: ಅದೇ ನಿಯಮ ಅದಕ್ಕೂ. ಅದರ ಸಿಳ್ಳೆಕೊಳವೆಗಳ ಶ್ರುತಿ ಚಳಿಗೆ ಇಳಿಯುತ್ತದೆ, ಬಿಸಿಗೆ ಏರುತ್ತದೆ. ನಾಲಗೆ ಇರುವ ರೀಡ್ ಕೊಳವೆಗಳು ಅಷ್ಟಾಗಿ ಕದಲುವುದಿಲ್ಲ, ಹಾಗಾಗಿ ಆರ್ಗನ್ ತನ್ನೊಳಗೇ ಶ್ರುತಿ ತಪ್ಪಿರುತ್ತದೆ. ನುಡಿಸುವವರಿಗೆ ಹೇಳಿ, ಜೊತೆಯ ಕೃತಿಗಳಲ್ಲಿ ರೀಡ್ ಸ್ಟಾಪ್‌ಗಳನ್ನು (ರೀಡ್ ಕೊಳವೆಗಳ ಸಾಲುಗಳನ್ನು) ಮುಚ್ಚಿಸಿಡಿ. ಮಧ್ಯಾಹ್ನ ತಾಲೀಮಿನಲ್ಲಿ ಅಳೆದ ಶ್ರುತಿಯನ್ನು ಸಂಜೆಗೆ ನಂಬಬೇಡಿ. ಜನರಿಗಾಗಿ ಹೀಟರ್ ಹಾಕಿದ ಮೇಲೆ ಐದು ಡಿಗ್ರಿ ಏರಿದರೂ 15 ಸೆಂಟ್ ವ್ಯತ್ಯಾಸ. ಜನ ಕೂತ ಮೇಲೆ ಆರ್ಗನ್ನಿನ ಒಂದು ಸ್ವರ ಮತ್ತೆ ಕೇಳಿಸಿಕೊಳ್ಳಿ.

ಇನ್ನೊಂದು. ಟ್ಯೂನರ್ ನೋಡಿಕೊಂಡು ಐವರೂ ಮುಳ್ಳನ್ನು ನಡುವೆ ನಿಲ್ಲಿಸಿದರೆ ಹಿತ್ತಾಳೆ ವಾದ್ಯಗಳ ಸ್ವರಮೇಳ ಕೂಡುವುದಿಲ್ಲ. ಮೇಜರ್ ಮೇಳದ ಮೂರನೇ ಸ್ವರ ಯಾರ ಕೈಯಲ್ಲಿದೆಯೋ ಅವರು 14 ಸೆಂಟ್ ಕೆಳಗೆ, ಮೈನರ್ ಆದರೆ 16 ಮೇಲೆ, ಐದನೆಯದು 2 ಮೇಲೆ. ಮುಖ್ಯ ನಿಲುಗಡೆಗಳಲ್ಲಿ ಮೂರನೇ ಸ್ವರ ಯಾರದೆಂದು ಪ್ರತಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ.

---

ಕಿರುತುತ್ತೂರಿ:

ನಿಮ್ಮ ಟ್ರಂಪೆಟ್‌ನವರು ತಲೆ ಅಲ್ಲಾಡಿಸಿದ್ದು ಸರಿಯಾಗಿಯೇ ಇದೆ.

ಆರ್ಕೆಸ್ಟ್ರಾದಲ್ಲಿ ಟ್ರಂಪೆಟ್‌ಗೆ ಪುಟಗಟ್ಟಲೆ ವಿಶ್ರಾಂತಿ ಸಿಗುತ್ತದೆ. ಕ್ವಿಂಟೆಟ್‌ನಲ್ಲಿ ಆ ಭಾಗ್ಯ ಇಲ್ಲ. ತುಟಿಯ ಮೇಲಿಂದ ಮೌತ್‌ಪೀಸ್ ಕೆಳಗಿಳಿಯುವುದೇ ಅಪರೂಪ. ಒತ್ತಡದಲ್ಲಿ ತುಟಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸ್ನಾಯು ಸೋಲುತ್ತದೆ, ಸೋತಂತೆ ಇನ್ನಷ್ಟು ಒತ್ತುತ್ತಾರೆ, ಮರುದಿನಕ್ಕೆ ಊತ. ಹಾಗಾಗಿ ಪಟ್ಟಿ ಮಾಡುವಾಗ ಕೇಳುಗರ ಕಿವಿಯ ಜೊತೆಗೆ ನುಡಿಸುವವರ ತುಟಿಯನ್ನೂ ನೋಡಬೇಕು.

ಪಿಕಲೋದಿಂದ ಶುರು ಮಾಡಬೇಡಿ. ಅದರ ತಡೆ ಹೆಚ್ಚು, ತುಟಿಯನ್ನು ಬಿಗಿಹಿಡಿಸುತ್ತದೆ. ಆ ಬಿಗಿತ ಹೊತ್ತು ಎವಾಲ್ಡ್‌ನ ಉದ್ದುದ್ದ ಹಾಡುಸಾಲುಗಳಿಗೆ ಹೋದರೆ ನಾದ ಹಿಂಡಿದಂತಿರುತ್ತದೆ. ನನ್ನ ಪ್ರಕಾರ ವೆನಿಸ್ ಶೈಲಿಯ ಕೃತಿ ಮೊದಲು, ಮಧ್ಯಮ ಸ್ಥಾಯಿಯಲ್ಲಿ ವಾದ್ಯವೂ ಸಭಾಂಗಣವೂ ಪರಿಚಯವಾಗಲಿ. ಎರಡನೆಯದು ಎವಾಲ್ಡ್. ಮೂರನೆಯದು ಟ್ಯೂಬಾ ಅಥವಾ ಟ್ರಾಂಬೋನ್ ಮುಂದಿರುವ ನಿಧಾನದ ಒಂದು ತುಣುಕು, ಟ್ರಂಪೆಟ್ ಮ್ಯೂಟ್ ಹಾಕಿ ಹಿಂದಿರಲಿ. ನಾಲ್ಕನೆಯದು ಪಿಕಲೋ, ತಕ್ಷಣ ವಿರಾಮ. ವಿರಾಮ ಮುಗಿದೊಡನೆ ಅರ್ನಾಲ್ಡ್. 1961ರಲ್ಲಿ ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್‌ಗಾಗಿ ಬರೆದ ಅದು ಟ್ರಂಪೆಟ್‌ಗಳನ್ನು ಸುಮ್ಮನೆ ಬಿಡುವುದಿಲ್ಲ, ತಾಜಾ ತುಟಿ ಕೇಳುತ್ತದೆ. ಎವಾಲ್ಡ್, ಅರ್ನಾಲ್ಡ್ ಬೆನ್ನುಬೆನ್ನಿಗೆ ಇಟ್ಟಿರುವುದು ಶುದ್ಧ ಕ್ರೌರ್ಯ. ಆಮೇಲೆ ಹಗುರದವು. ಕೊನೆಗೆ ಪಿಕಲೋ ಬೇಡ, ಬಿ ಫ್ಲ್ಯಾಟ್ ಅಥವಾ ಸಿ ಟ್ರಂಪೆಟ್‌ನಲ್ಲೇ ಮುಗಿಸಿ. ಮತ್ತೊಂದು ನುಡಿಸಿ ಎಂದು ಕೇಳಿದರೆ ನಿಧಾನದ್ದು, ಎರಡು-ಮೂರು ನಿಮಿಷದ್ದು, ಎತ್ತರದ ಸ್ವರ ಇಲ್ಲದ್ದು.

ಒಟ್ಟು ಸಂಗೀತ 75 ನಿಮಿಷ ದಾಟಿಸಬೇಡಿ. ಕೃತಿಗಳ ನಡುವೆ ಒಂದೆರಡು ನಿಮಿಷ ಮಾತಾಡಿ. ಮಾತಾಡುವವರು ಟ್ಯೂಬಾದವರೋ ಹಾರ್ನ್‌ನವರೋ ಆಗಲಿ. ಫ್ಲೂಗಲ್‌ಹಾರ್ನ್ (ಟ್ರಂಪೆಟ್‌ನಂಥದೇ, ನಾದ ಮೃದುವಾದ ವಾದ್ಯ) ಇರುವ ಹಾಡು ಪಿಕಲೋ ಹಿಂದೆಯೇ ಬಂದರೆ ಈ ಮಾತು ಕಡ್ಡಾಯ, ಬಿಗಿದ ತುಟಿಗೆ ಕೆಳಸ್ವರ ಮಾತಾಡುವುದೇ ಇಲ್ಲ. ಮೊದಲ, ಎರಡನೇ ಟ್ರಂಪೆಟ್ ಭಾಗಗಳನ್ನು ಕೃತಿಯಿಂದ ಕೃತಿಗೆ ಅದಲುಬದಲು ಮಾಡಿಕೊಳ್ಳಲಿ.

ಕಚೇರಿಯ ದಿನ ಬೆಳಿಗ್ಗೆ 15-20 ನಿಮಿಷ ಮೆಲ್ಲಗೆ. ಸಭಾಂಗಣದ ತಾಲೀಮು ಅರ್ಧ ಗಂಟೆ, ಅರ್ಧ ದನಿಯಲ್ಲಿ. ಪ್ರತಿ ಕೃತಿಯ ಮೊದಲ ಕೆಲವು ಸಾಲು ಮತ್ತು ಲಯ ಬದಲಾಗುವ ಜಾಗಗಳು ಮಾತ್ರ. ಖಾಲಿ ಸಭಾಂಗಣದ ಪ್ರತಿಧ್ವನಿ ಕೇಳಿ ಖುಷಿಯಾಗಿ ಇಡೀ ಕಾರ್ಯಕ್ರಮ ಊದಿಬಿಡುವುದೇ ಪ್ರವಾಸದ ದೊಡ್ಡ ಎಡವಟ್ಟು. ಕಚೇರಿ ಮುಗಿದ ಮೇಲೆ ಐದು ನಿಮಿಷ ಕೆಳಸ್ಥಾಯಿಯಲ್ಲಿ ಮೆತ್ತಗೆ ಊದಿ ಮುಗಿಸಿ. ವಿಮಾನದ ಒಣಗಾಳಿ ತುಟಿಯನ್ನು ಬಿರುಕು ಬಿಡಿಸುತ್ತದೆ, ನೀರು ಕುಡಿಯುತ್ತಿರಿ. ಪ್ರವಾಸದ ನಡುವೆ ಹೊಸ ಮೌತ್‌ಪೀಸ್ ಪ್ರಯೋಗ ಬೇಡವೇ ಬೇಡ.

---

ಐದುಕುರ್ಚಿ:

ಬಹಳ ಉಪಕಾರವಾಯಿತು. ಪಟ್ಟಿ ಬದಲಾಯಿಸುತ್ತೇವೆ. ಪರದೆ ತುಂಬಿದ ವೇದಿಕೆಯಲ್ಲಿ ಹಾರ್ನ್ ಕೇಳಿಸುವುದೇ ಇಲ್ಲ ಎನ್ನುತ್ತಾರೆ. ಎಲ್ಲಿ ಕೂರಿಸಬೇಕು? ರಿಪೇರಿ ಸಾಮಾನಿನ ಬಗ್ಗೆಯೂ ಯಾರಾದರೂ ಹೇಳಿ.

---

ಎಡಗೈಹಾರ್ನ್:

ಹಾರ್ನ್‌ನ ಬೆಲ್ ನುಡಿಸುವವರ ಬಲಕ್ಕೆ, ಹಿಂದಕ್ಕೆ ತಿರುಗಿರುತ್ತದೆ. ಕೇಳುಗರ ಎಡತುದಿಯಲ್ಲಿ ಒಳಮುಖವಾಗಿ ಕೂರಿಸಿದರೆ ಬೆಲ್ ನೇರ ಕೇಳುಗರತ್ತ. ಜೋರಾಗಿ ಕೇಳುತ್ತದೆ, ನಾದ ಒರಟು. ಕೇಳುಗರ ಬಲಭಾಗದಲ್ಲಿ ಕೂರಿಸಿದರೆ ಹಿಂದಿನ ಗೋಡೆಯತ್ತ. ಗಟ್ಟಿ ಗೋಡೆಯಿದ್ದರೆ ಅತ್ಯುತ್ತಮ, ಪರದೆಯಿದ್ದರೆ ನಾದವೆಲ್ಲ ಬಟ್ಟೆಯ ಪಾಲು. ಹಾಗಾಗಿ ಎರಡು ಟ್ರಂಪೆಟ್ ಎರಡು ತುದಿಗೆ ಎದುರುಬದುರು, ನಡುವೆ ಟ್ಯೂಬಾ, ಕೇಳುಗರ ಬಲಗಡೆಯ ಟ್ರಂಪೆಟ್ ಪಕ್ಕ ಹಾರ್ನ್, ಇನ್ನೊಂದು ಕಡೆ ಟ್ರಾಂಬೋನ್. ಹಾರ್ನ್‌ನ ಹಿಂದೆ ಒಂದರಿಂದ ಒಂದೂವರೆ ಮೀಟರ್ ದೂರದಲ್ಲಿ ದಪ್ಪ ಪ್ಲೈವುಡ್ ಹಲಗೆ ನಿಲ್ಲಿಸಿ. ತೀರಾ ಹತ್ತಿರ ಇಟ್ಟರೆ ಮರಳಿ ಬಂದ ನಾದ ಬೆಲ್‌ಗೇ ಹೊಕ್ಕು ಎತ್ತರದ ಸ್ವರಗಳು ಜಾರುತ್ತವೆ.

ಆಯೋಜಕರಿಗೆ ಬರೆಯುವಾಗ “ಕೈಯಿಲ್ಲದ ಕುರ್ಚಿ 5” ಎಂದು ಸ್ಪಷ್ಟವಾಗಿ ಹಾಕಿ. ಕೈಯಿರುವ ಕುರ್ಚಿಯಲ್ಲಿ ಟ್ಯೂಬಾ ಹಿಡಿಯಲಾಗದು, ಹಾರ್ನ್‌ನವರ ಮೊಣಕೈ ತಾಗುತ್ತದೆ.

---

ವಾಲ್ವ್‌ಡಾಕ್ಟರ್:

ಒಂದು ಚಿಕ್ಕ ಡಬ್ಬಿ ಸಾಕು: ವಾಲ್ವ್ ಎಣ್ಣೆ, ರೋಟರ್ ಎಣ್ಣೆ, ಸ್ಲೈಡ್ ಗ್ರೀಸ್, ಟ್ರಾಂಬೋನ್ ಕ್ರೀಮ್ ಮತ್ತು ನೀರು ಸಿಂಪಡಿಸುವ ಪುಟ್ಟ ಸೀಸೆ, ನೂಲುಬಿಡದ ಬಟ್ಟೆ, ಒರೆಸುವ ಕಡ್ಡಿ, ನೀರು ಬಿಡುವ ಕೀಲಿಯ ಕಾರ್ಕ್ ಮತ್ತು ಸ್ಪ್ರಿಂಗ್, ರಬ್ಬರ್ ಬ್ಯಾಂಡ್, ಹಾರ್ನ್ ದಾರ (ಲಿವರ್ ಮತ್ತು ವಾಲ್ವ್ ಜೋಡಿಸುವ ದಾರ), ಗಡಿಯಾರದವರ ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಮೌತ್‌ಪೀಸ್ ಎಳೆಯುವ ಸಾಧನ. ಎಣ್ಣೆಯ ಸೀಸೆಯ ಮೇಲೆ ಬೆಂಕಿಯ ಚಿಹ್ನೆ ಇದ್ದರೆ ಅದು ಕ್ಯಾಬಿನ್‌ಗೂ ಇಲ್ಲ, ಚೆಕ್-ಇನ್‌ಗೂ ಇಲ್ಲ. ಆ ಚಿಹ್ನೆ ಇಲ್ಲದ್ದನ್ನೇ ಆರಿಸಿ, ಕೈಚೀಲದಲ್ಲಾದರೆ 100 ಮಿ.ಲೀ. ಒಳಗಿನ ಸೀಸೆ.

ಕೆಡುವುದು ಹೀಗೆ. ಟ್ರಂಪೆಟ್‌ನ ಎರಡನೇ ವಾಲ್ವ್ ಮಾತ್ರ ದಿಢೀರನೆ ಸಿಕ್ಕಿಕೊಂಡರೆ ಎಣ್ಣೆಯನ್ನು ದೂರಬೇಡಿ. ಪಕ್ಕಕ್ಕೆ ಚಾಚಿಕೊಂಡಿರುವ ಎರಡನೇ ಸ್ಲೈಡ್‌ಗೆ ಪೆಟ್ಟು ಬಿದ್ದು ವಾಲ್ವ್‌ನ ಗೂಡು ಒಳಕ್ಕೆ ಒತ್ತಿರುತ್ತದೆ. ಅದು ರಿಪೇರಿಯವರ ಕೆಲಸ, ಮರಳುಕಾಗದ ಮುಟ್ಟಲೂಬೇಡಿ. ಮೂರೂ ನಿಧಾನವಾದರೆ ಕೊಳೆ: ಹೊರತೆಗೆದು ಒರೆಸಿ, ಗೂಡಿನ ಒಳಗೂ ಒರೆಸಿ, ನಾಲ್ಕೈದು ಹನಿ ಎಣ್ಣೆ. ಮರಳಿ ಹಾಕಿದ ಮೇಲೆ ಗಾಳಿಯೇ ಹೋಗದಿದ್ದರೆ ವಾಲ್ವ್ ತಿರುಗಿ ಕೂತಿದೆ ಅಥವಾ ಒಂದರ ಜಾಗದಲ್ಲಿ ಮೂರು ಹೋಗಿದೆ. ಮೇಲೆ ಕೊರೆದ ಸಂಖ್ಯೆ ನೋಡಿ, ಟಕ್ ಎಂದು ಕೂರುವವರೆಗೆ ತಿರುಗಿಸಿ.

ಇದ್ದಕ್ಕಿದ್ದಂತೆ ನಾದ ಮಸುಕಾಗಿ ಕೆಲವು ಸ್ವರ ಹಿಡಿಯದಂತಾದರೆ ನೀರಿನ ಕೀಲಿಯ ತೂತನ್ನು ಬೆರಳಿನಿಂದ ಮುಚ್ಚಿ ಊದಿ. ಸರಿಹೋದರೆ ಕಾರ್ಕ್ ಉದುರಿದೆ. ಪೆನ್ಸಿಲ್ ರಬ್ಬರನ್ನು ಅಳತೆಗೆ ಕತ್ತರಿಸಿ ಕೂರಿಸಿದರೆ ಆ ಸಂಜೆ ಕಳೆಯುತ್ತದೆ. ಸ್ಪ್ರಿಂಗ್ ಮುರಿದಿದ್ದರೆ ರಬ್ಬರ್ ಬ್ಯಾಂಡ್.

ಹಾರ್ನ್ ದಾರ ಸವೆದು ತುಂಡಾಗುತ್ತದೆ, ಅದೂ ಯಾವಾಗಲೂ ಸ್ಕ್ರೂ ಹತ್ತಿರ. ಹೊರಡುವ ಮುಂಚೆಯೇ ಎಲ್ಲವನ್ನೂ ಬದಲಿಸಿ, ಒಂದೊಂದಾಗಿ. ಪಕ್ಕದ್ದು ಮಾದರಿಗೆ ಇರಲಿ. ಲಿವರ್‌ನ ಎತ್ತರ ಉಳಿದವಕ್ಕೆ ಸಮನಾಗದಿದ್ದರೆ ಲಿವರ್ ತುದಿಯ ಸ್ಕ್ರೂ ಸಡಿಲಿಸಿ, ಸರಿಪಡಿಸಿ, ಬಿಗಿ ಮಾಡಿ. ಬಿಚ್ಚುವ ಬೆಲ್‌ನ ಹಾರ್ನ್ ಆದರೆ ತಿರುಪು ಹಾಕುವ ಮೊದಲು ಹಿಮ್ಮುಖ ತಿರುಗಿಸಿ, ಎಳೆ ಕೂತದ್ದು ಕೈಗೆ ತಿಳಿದ ಮೇಲೆ ಮುಂದಕ್ಕೆ. ಅಡ್ಡ ಕೂತ ತಿರುಪನ್ನು ಬಲ ಹಾಕಿ ತಿರುಗಿಸಿದರೆ ಬೆಲ್ ಅಲ್ಲೇ ಕಚ್ಚಿಕೊಳ್ಳುತ್ತದೆ.

ಸಿಕ್ಕಿಕೊಂಡ ಮೌತ್‌ಪೀಸ್‌ಗೆ ಇಕ್ಕಳ ಹಾಕುವವರನ್ನು ತಡೆಯಿರಿ. ಕೊಳವೆಯೇ ತಿರುಚಿಕೊಂಡು ಬರುತ್ತದೆ.

ಮ್ಯೂಟ್‌ಗಳು ಒಣಹವೆಯಲ್ಲಿ ಕಳಚಿ ಬೀಳುತ್ತವೆ. ಹಾಕುವ ಮುಂಚೆ ಬೆಲ್‌ನೊಳಗೆ ಒಮ್ಮೆ ಹಾ ಎಂದು ಉಸಿರು ಬಿಟ್ಟು, ಸ್ವಲ್ಪ ತಿರುಗಿಸಿ ಒತ್ತಿ. ಟ್ಯೂಬಾ ಮ್ಯೂಟ್‌ಗೆ ವ್ಯಾನ್‌ನಲ್ಲಿ ಬೇರೆಯೇ ಜಾಗ ಬೇಕು, ಲೆಕ್ಕಕ್ಕೆ ಹಿಡಿಯಿರಿ.

ಗಡಿ ದಾಟುವುದಿದ್ದರೆ ಎಲ್ಲ ವಾದ್ಯಗಳ ತಯಾರಕರ ಹೆಸರು, ಮಾದರಿ, ಸೀರಿಯಲ್ ಸಂಖ್ಯೆ, ಬೆಲೆ ಪಟ್ಟಿಮಾಡಿ ಎಟಿಎ ಕಾರ್ನೆ ಎಂಬ ಸುಂಕದ ದಾಖಲೆಪತ್ರ ಮಾಡಿಸಿ. ಗರಿಷ್ಠ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ತಾತ್ಕಾಲಿಕವಾಗಿ ಒಯ್ದ ಸಾಮಾನಿಗೆ ಸುಂಕ ಬೀಳುವುದಿಲ್ಲ. ಹೊರಡುವಾಗ, ಒಳಹೋಗುವಾಗ, ಮರಳುವಾಗ, ಪ್ರತಿ ಸಲವೂ ಮುದ್ರೆ ಹಾಕಿಸಬೇಕು. ಒಂದು ಮುದ್ರೆ ತಪ್ಪಿದರೂ ಆಮೇಲೆ ಸುಂಕದ ನೋಟಿಸು ಬರುತ್ತದೆ, ಆದ್ದರಿಂದ ಕಾರ್ನೆ ಯಾರ ಕೈಯಲ್ಲಿರಬೇಕೆಂದು ಐವರಲ್ಲಿ ಒಬ್ಬರನ್ನು ಈಗಲೇ ಗೊತ್ತುಮಾಡಿ.